ಕೈಗೆ ಕೊಟ್ಟ ಕಬ್ಬಿಣ

ಉಮಾಶಂಕರ ಯಾವ ಯಂತ್ರವನ್ನೂ ಅಂಗೈಯಿಂದ ಮೊದಲು ಮುಟ್ಟಿದವನಲ್ಲ. ಕರೆಂಟು ಹರಿಯುವ ತಗಡಿಗೆ ಅಂಗೈ ತಾಗಿದರೆ ಬೆರಳುಗಳು ತಾವಾಗಿ ಮಡಚಿ ಅದನ್ನೇ ಹಿಡಿದುಕೊಂಡುಬಿಡುತ್ತವೆ, ಬೆರಳ ಹಿಂಬದಿ ತಾಗಿಸಿದರೆ ಕೈ ತಾನೇ ಹಿಂದಕ್ಕೆ ಬರುತ್ತದೆ. ಐಟಿಐಯಲ್ಲಿ ಕಲಿತ ನೂರೆಂಟು ಸಂಗತಿಗಳಲ್ಲಿ ಹದಿನೆಂಟು ವರ್ಷದ ಮೇಲೂ ಮೈಯಲ್ಲಿ ಉಳಿದದ್ದು ಇದೊಂದು. ಆ ಮಂಗಳವಾರ ಬೆಳಿಗ್ಗೆ ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮುಜಫರನ ವಿಡಿಯೋ ಗೇಮ್ ಅಂಗಡಿಯ ಶಟರನ್ನು ಅರ್ಧ ಎತ್ತಿ ಬಗ್ಗಿ ಒಳಗೆ ಬಂದಾಗಲೂ ಹಾಗೇ ಆಯಿತು. ಸಾಲಾಗಿ ನಿಂತ ಮೂರು ಗೇಮ್ ಪೆಟ್ಟಿಗೆಗಳಲ್ಲಿ ನಡುವಿನದರ ಮುಂದೆ ನಿಂತೊಡನೆ ಬಲಗೈ ಮಗುಚಿಕೊಂಡು, ನಾಣ್ಯ ಹಾಕುವ ತಗಡಿನ ಬಾಗಿಲಿಗೆ ಗೆಣ್ಣು ತಾಗಿಸಿತು. ಏನೂ ಇಲ್ಲ. ಇರುವುದಿಲ್ಲವೆಂದು ಅವನಿಗೆ ಗೊತ್ತೇ ಇತ್ತು, ಆರು ವಾರದ ಹಿಂದೆ ಸರಿಮಾಡಿದವನು ತಾನೇ ಅಲ್ಲವೆ. ಆದರೂ ಪ್ರತಿ ಮಂಗಳವಾರ ತಾಗಿಸಿ ನೋಡುತ್ತಾನೆ, ಏನೂ ಇಲ್ಲವೆಂದು ಖಾತ್ರಿಯಾದಾಗ ಸಮಾಧಾನವಾಗುವ ಬದಲು ಮತ್ತೊಮ್ಮೆ ತಾಗಿಸುತ್ತಾನೆ. ಇವತ್ತೂ ಎರಡು ಸಲ ತಾಗಿಸಿ ಚೀಲ ಕೆಳಗಿಟ್ಟ.

ಪ್ಲಗ್ಗು ಕಿತ್ತ. ಪೆಟ್ಟಿಗೆಯನ್ನು ಗೋಡೆಯಿಂದ ಎರಡು ಅಡಿ ಮುಂದಕ್ಕೆ ಎಳೆದು ಹಿಂದಿನ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿದ. ಒಳಗಿನಿಂದ ಬಂದ ವಾಸನೆ, ಬಿಸಿಯಾಗಿ ಆರಿದ ಧೂಳಿನದು, ಅವನಿಗೆ ಸ್ವಂತ ಮನೆಯ ವಾಸನೆಗಿಂತ ಹೆಚ್ಚು ಪರಿಚಯ. ಹುಣಸೂರು ಮಂಗಳವಾರ, ಪಿರಿಯಾಪಟ್ಟಣ ಬುಧವಾರ, ಕೆ.ಆರ್. ನಗರ ಗುರುವಾರ, ಎಚ್.ಡಿ. ಕೋಟೆ ಶುಕ್ರವಾರ, ನಾಲ್ಕು ಊರಿನ ಹನ್ನೊಂದು ಪೆಟ್ಟಿಗೆಗಳ ಹೊಟ್ಟೆಗೆ ಅವನೊಬ್ಬನೇ ಕೈ ಹಾಕುವವನು. ಪಿಕ್ಚರ್ ಟ್ಯೂಬಿನ ಬೆನ್ನಿಗೆ ಧೂಳು ಬೂದಿಯಂತೆ ಅಂಟಿತ್ತು. ಸುಣ್ಣ ಬಳಿಯುವ ಸಣ್ಣ ಬ್ರಷ್ಷಿನಿಂದ ಮೇಲಿಂದ ಕೆಳಗೆ ಮೆಲ್ಲಗೆ ಗುಡಿಸಿದ, ಸಂದಿಗೊಂದಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಸರ್ಕ್ಯೂಟ್ ಬೋರ್ಡನ್ನು ಸಿಕ್ಕಿಸಿದ ಸೀಳಿನಿಂದ ಬಿಡಿಸಿ, ಅದರ ಅಂಚಿನ ಹಿತ್ತಾಳೆ ಬಣ್ಣದ ಗೆರೆಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹೊಳಪು ಮಾಡಿದ. ಇಂಥ ಕೆಲಸವನ್ನು ಮನೆಯಲ್ಲಿ ಹೇಳಿಕೊಳ್ಳುವುದು ಹೇಗೆ? ಅವನ ಹೆಂಡತಿ ಶಾಂತಲಾ ತವರಿನವರ ಮುಂದೆ 'ಎಲೆಕ್ಟ್ರಾನಿಕ್ಸು' ಎಂದಷ್ಟೇ ಹೇಳಿ ಮಾತು ತಿರುಗಿಸುವುದನ್ನು ಅವನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದಾನೆ. ಪಿರಿಯಾಪಟ್ಟಣದ ಅಂಗಡಿಯವನಂತೂ ಗಿರಾಕಿಗಳ ಎದುರೇ 'ನಮ್ಮ ಗೇಮ್ ಜಾಡಮಾಲಿ ಬಂದ' ಎಂದು ನಗುತ್ತಾನೆ. ಅವನೂ ಜೊತೆಗೆ ನಗುತ್ತಾನೆ, ನಗದಿದ್ದರೆ ಮಾತು ನಿಜವಾಗುತ್ತದೆ. ಇಂಜಿನಿಯರು ಎಂದು ಅವನನ್ನು ಈ ಭೂಮಿಯ ಮೇಲೆ ಕರೆದವಳು ಒಬ್ಬಳೇ, ಈ ಅಂಗಡಿಯ ಕಸ ಗುಡಿಸಿ ನೆಲ ಒರೆಸುತ್ತಿದ್ದ ಶಿವನಂಜಮ್ಮ.

ಇಂಜಿನಿಯರಪ್ಪ ಎನ್ನುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು, ಕುಪ್ಪಸದ ತೋಳನ್ನು ಮೇಲೆ ಮಡಚಿ, ಸೆರಗನ್ನು ಸೊಂಟಕ್ಕೆ ಬಿಗಿದು, ಬಕೀಟು ಹಿಡಿದು ಬಂದರೆ ಅವಳ ಹಿಂದೆಯೇ ಫಿನಾಯಿಲ್ ವಾಸನೆ ಬರುತ್ತಿತ್ತು. ಪೆಟ್ಟಿಗೆಯ ಒಳಗು ಅವನದು, ಹೊರಗು ಅವಳದು. ಹ್ಯಾಂಡಲಿನ ಬುಡದಲ್ಲಿ ನೂರಾರು ಅಂಗೈಗಳ ಬೆವರು ಸೇರಿ ಕಟ್ಟಿದ ಕಪ್ಪು ಜಿಡ್ಡನ್ನು ಅವಳು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು, ಈಗ ಅದನ್ನೂ ಅವನೇ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿಗೆ ಅದ್ದಿ ತಿಕ್ಕಬೇಕು. ತಿಕ್ಕುತ್ತಾ ತಿಕ್ಕುತ್ತಾ ಅವಳ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಈ ನಡುವಿನ ಪೆಟ್ಟಿಗೆ ಒರೆಸುವಾಗ ಕೈ ಜುಮ್ ಎನ್ನುತ್ತದೆ ಎಂದು ಅವಳು ಒಂದಲ್ಲ, ಎರಡು ಸಲ ಹೇಳಿದ್ದಳು. ಅವನು ಸ್ಕ್ರೂ ಡ್ರೈವರನ್ನು ಬಾಯಲ್ಲಿ ಕಚ್ಚಿಕೊಂಡೇ, ನಿಮ್ಮನ್ನು ಕಂಡರೆ ಅದಕ್ಕೆ ಪ್ರೀತಿ ಎಂದು ಹಾಸ್ಯ ಮಾಡಿದ್ದ. ಅವಳೂ ನಕ್ಕಿದ್ದಳು, ಈ ವಯಸ್ನಲ್ಲಿ ಅದೊಂದು ಬಾಕಿ ಇತ್ತು ಬುಡಿ ಎಂದು. ಜುಮ್ ಎನ್ನುವುದಕ್ಕೆ ಕಾರಣ ಅವನಿಗೆ ಆಗಲೇ ಗೊತ್ತಿತ್ತು. ಗೋಡೆಯ ಸಾಕೆಟ್ಟಿನಲ್ಲಿ ತೂತು ಎರಡೇ. ಮೂರನೆಯ ತಂತಿ, ಅಂದರೆ ನೆಲಕ್ಕಿಳಿಯಬೇಕಾದ ಅರ್ಥಿಂಗ್ ತಂತಿ, ಅದನ್ನು ಅವನೇ ಹಿಂದಕ್ಕೆ ಮಡಚಿ ಟೇಪು ಸುತ್ತಿಟ್ಟಿದ್ದ. ಎಲ್ಲರೂ ಮಾಡುವುದೇ ಹಾಗೆ. ಸಾಕೆಟ್ಟು ಬದಲಿಸಿ ಎಂದು ಮುಜಫರನಿಗೆ ಮುಂದಿನ ವಾರ ಹೇಳೋಣ, ಅದರ ಮುಂದಿನ ವಾರ ಹೇಳೋಣ ಎನ್ನುತ್ತಾ ಒಂದು ವರ್ಷವಾಗಿತ್ತು.

ಏಳು ಮಂಗಳವಾರದ ಹಿಂದೆ ಅವನು ಹಿಂದುಗಡೆ ಕೂತು ಪೆಟ್ಟಿಗೆ ಆನ್ ಮಾಡಿ ಟೆಸ್ಟ್ ಮಾಡುತ್ತಿದ್ದ. ಅವಳು ಮುಂದುಗಡೆ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ, ಒದ್ದೆ ಬಟ್ಟೆ ಹಿಡಿದಿದ್ದಳು. ಪೆಟ್ಟಿಗೆಯ ನೆತ್ತಿಯ ಟ್ಯೂಬ್‌ಲೈಟಿಗೆ ಒಳಗಿನಿಂದ ಹೋಗುವ ತಂತಿಯೊಂದು ನಾಣ್ಯದ ಬಾಗಿಲ ಒಳಂಚಿಗೆ ದಿನವೂ ಉಜ್ಜಿ ಉಜ್ಜಿ ಸಿಪ್ಪೆ ಸುಲಿದುಕೊಂಡಿತ್ತು, ಅದು ಆ ಗಳಿಗೆಯಲ್ಲಿ ಪೂರ್ತಿ ತಾಗಿತು. ಅವನಿಗೆ ಕೇಳಿಸಿದ್ದು ಕೂಗಲ್ಲ, ಹಲ್ಲು ಕಟಕಟ ಕಡಿಯುವ ಸದ್ದು. ಏನೆಂದು ಅವನ ಮೈಗೆ ಬುದ್ಧಿಗಿಂತ ಮೊದಲು ತಿಳಿಯಿತು, ಕಾಲು ಚಾಚಿ ಪ್ಲಗ್ಗನ್ನು ಒದ್ದು ಕಿತ್ತ. ಪೆಟ್ಟಿಗೆಯ ಹಿಂದೆ ನಡೆದ ಇದನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಮುಂದೆ ನಡೆದದ್ದನ್ನು: ಶಿವನಂಜಮ್ಮ ದೊಪ್ಪನೆ ಬಿದ್ದಿದ್ದಳು, ಕೈಕಾಲು ಸೆಟೆದು ಅದುರುತ್ತಿದ್ದವು, ಕಣ್ಣಗುಡ್ಡೆ ಮೇಲೆ ಹೋಗಿತ್ತು, ಬಾಯಂಚಿನಲ್ಲಿ ನೊರೆ. ಪಕ್ಕದ ಟೀ ಅಂಗಡಿಯ ಜಬ್ಬಾರ್ ಓಡಿ ಬಂದ, ಅವನ ಹಿಂದೆ ಗಲ್ಲಿಯ ಏಳೆಂಟು ಜನ. ಮೂರ್ಛೆ, ಮೂರ್ಛೆರೋಗ, ಕಬ್ಬಿಣ ಕೊಡಿ ಕೈಗೆ, ಕಬ್ಬಿಣ ಕೊಡಿ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಉಮಾಶಂಕರನ ಕೈಯಲ್ಲಿ ನಾಣ್ಯದ ಬಾಗಿಲಿನ ಬೀಗದ ಕೈ ಗೊಂಚಲಿತ್ತು. ಇದು ಮೂರ್ಛೆಯಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಮುಜಫರ್ ಹೊಸಿಲ ಮೇಲೆ ಬಂದು ನಿಂತು, ಏನಾಯ್ತು ಉಮಣ್ಣ ಎಂದು ಕೇಳಿದ. ಉಮಾಶಂಕರ ಬಗ್ಗಿ, ಅವಳ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೀಗದ ಕೈಯನ್ನು ಅಂಗೈಯೊಳಗಿಟ್ಟು ಮುಷ್ಟಿ ಮುಚ್ಚಿದ. ಮುಜಫರ್ ಅದನ್ನು ನೋಡಿದ, ಮತ್ತೆ ಏನೂ ಕೇಳಲಿಲ್ಲ.

ಬಾಯಿಬಿಟ್ಟು ಒಂದೇ ಒಂದು ಸುಳ್ಳು ಹೇಳಲಿಲ್ಲ, ಇದನ್ನು ಅವನು ರಾತ್ರಿ ಹಗಲು ತನಗೆ ತಾನೇ ಹೇಳಿಕೊಂಡಿದ್ದಾನೆ. ಯಾರೂ ಕೇಳಲಿಲ್ಲ, ಅವನು ಹೇಳಲಿಲ್ಲ. ಆದರೆ ಐದು ನಿಮಿಷದ ಮೇಲೆ ಕಣ್ಣುಬಿಟ್ಟ ಶಿವನಂಜಮ್ಮ ಮೊದಲು ನೋಡಿದ್ದು ತನ್ನ ಮುಷ್ಟಿಯನ್ನು. ಮೆಲ್ಲಗೆ ಬಿಡಿಸಿದಳು, ಬೀಗದ ಕೈ ಕಂಡಿತು, ತನಗೆ ಬಂದದ್ದು ಏನೆಂದು ಅವಳಿಗೆ ತಿಳಿಯಿತು. ಅವಳ ಮುಖ ಕುಸಿದದ್ದನ್ನು ಉಮಾಶಂಕರ ನಾಲ್ಕಡಿ ದೂರದಿಂದ ನೋಡಿದ. ಮಾರನೆಯ ವಾರ ಮುಜಫರ್ ಬೇಜಾರಿನಿಂದಲೇ ಹೇಳಿದ, ಪೆಟ್ಟಿಗೆಯ ಗಾಜಿನ ಮುಂದೆ ಮತ್ತೆ ಹೀಗೆ ಬಿದ್ದರೆ ಏನು ಗತಿ, ಕೆಲಸಕ್ಕೆ ಬರಬೇಡಿ ಎಂದುಬಿಟ್ಟೆ, ಪಾಪ. ಅದೇ ದಿನ ಉಮಾಶಂಕರ ಯಾರಿಗೂ ಹೇಳದೆ ಹೊಸ ಸಾಕೆಟ್ಟು ಹಾಕಿ, ಅರ್ಥಿಂಗ್ ತಂತಿಯನ್ನು ನೆಲಕ್ಕಿಳಿಸಿ, ಸುಲಿದ ತಂತಿಗೆ ಕಪ್ಪು ಟೇಪು ಸುತ್ತಿ, ಬಾಗಿಲ ಒಳಂಚಿನಲ್ಲಿ ಸುಟ್ಟು ಉಳಿದಿದ್ದ ಕಲೆಯನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದ. ಎಷ್ಟು ಅಚ್ಚುಕಟ್ಟಾಗಿ ಮಾಡಿದನೆಂದರೆ ಜನ್ಮದಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡಿರಲಿಲ್ಲ.

ಟೇಪಿನ ಅಂಚು ಧೂಳಿಗೆ ಸ್ವಲ್ಪ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಹೋದ ವಾರ ಅವಳು ಬಸ್‌ಸ್ಟ್ಯಾಂಡಿನ ಹತ್ತಿರ ಎದುರಾಗಿದ್ದಳು. ರಸ್ತೆ ಬಿಟ್ಟು, ಗೋಡೆಗೆ ಭುಜ ಸವರುವಷ್ಟು ಒತ್ತಿಕೊಂಡು ನಡೆಯುತ್ತಿದ್ದಳು, ಹಠಾತ್ತನೆ ಬಂದರೆ ಬಸ್ಸಿನಡಿಗೆ ಬೀಳಬಾರದಲ್ಲ ಅದಕ್ಕೆ ಎಂದಳು. ಬಾವಿಕಟ್ಟೆ ಹತ್ತುವುದನ್ನೂ ಒಲೆ ಮುಂದೆ ಒಬ್ಬಳೇ ಕೂರುವುದನ್ನೂ ಬಿಟ್ಟಿದ್ದಳಂತೆ. ಮಗಳು ಮೀನಾಳಿಗೆ ಮಿರ್ಲೆಯ ಕಡೆ ಗಂಡು ಒಪ್ಪಿ ವೀಳ್ಯಶಾಸ್ತ್ರಕ್ಕೆ ದಿನ ನೋಡಿದ್ದರು. ತಾಯಿಗೆ ಮೂರ್ಛೆರೋಗವಂತೆ, ಅದು ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೂ ಬರುತ್ತದಂತೆ ಎಂಬ ಮಾತು ಅಲ್ಲಿಗೆ ಮುಟ್ಟಿ, ಯೋಚನೆ ಮಾಡುತ್ತೇವೆ ಎಂದು ಹೇಳಿಕಳಿಸಿದ್ದರು. ಇಷ್ಟನ್ನೂ ಹೇಳಿ ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಇಂಜಿನಿಯರಪ್ಪ, ಅವತ್ತು ಬಿದ್ದಾಗ ನನ್ನ ಸೀರೆಗೀರೆ ನೆಟ್ಟಗಿತ್ತಾ?" ಇತ್ತು ಎಂದ. ಅವಳು ಉಸಿರು ಬಿಟ್ಟು, "ನೀವು ಬೀಗದ್ಕೈ ಕೊಡ್ದೆ ಓಗಿದ್ರೆ ನಾನು ಅವತ್ತೇ ಓಗ್ಬುಡ್ತಿದ್ದೆ ಕಣಪ್ಪ" ಎಂದಳು. ಅವನಿಗೆ ಬಸ್ಸಿಗೆ ಹೊತ್ತಾಯಿತು. ನಿಜಕ್ಕೂ ಹೊತ್ತಾಗಿತ್ತು, ಬೇಕಾದರೆ ಯಾರನ್ನಾದರೂ ಕೇಳಬಹುದು.

ಪ್ಲಗ್ಗು ಹಾಕಿ ಪೆಟ್ಟಿಗೆ ಆನ್ ಮಾಡಿದ. ಪರದೆ ಮೊದಲು ಬೆಳ್ಳಗೆ ನಡುಗಿ, ಆಮೇಲೆ ಬಣ್ಣ ಹಿಡಿದು, ಬೊಂಬೆಗಳು ತಮ್ಮಷ್ಟಕ್ಕೆ ಒಂದನ್ನೊಂದು ಹೊಡೆದುಕೊಳ್ಳಲು ಶುರುಮಾಡಿದವು. ಆಡುವವರು ಯಾರೂ ಇಲ್ಲದಾಗಲೂ ಅವು ಹೀಗೆ ಹೊಡೆದಾಡುತ್ತಲೇ ಇರುತ್ತವೆ, ನಾಣ್ಯ ಹಾಕಿ ಎಂದು ಕರೆಯುವುದಕ್ಕೆ. ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ನಾಣ್ಯ ಇಳಿಯುವ ಜಾರುದಾರಿಯಲ್ಲಿ ಕಡ್ಲೆಕಾಯಿಯ ಕೆಂಪು ಸಿಪ್ಪೆ, ಬೀಡಿಯ ತುಂಡು, ಯಾರೋ ಅಂಟಿಸಿದ ಪೆಪ್ಪರಮೆಂಟು. ಬಗ್ಗಿ ಅದನ್ನು ಕೆರೆಯುತ್ತಿದ್ದಾಗ ಅರ್ಧ ಎತ್ತಿದ ಶಟರಿನ ಕೆಳಗೆ ಎರಡು ಕಾಲು ಕಂಡವು, ಟೈರಿನ ಮೆಟ್ಟು ಹಾಕಿದ್ದ, ಗದ್ದೆಯ ಮಣ್ಣು ಒಣಗಿ ಬಿರಿದಿದ್ದ ಕಾಲು. ಮೆಟ್ಟನ್ನು ಹೊರಗೇ ಬಿಟ್ಟು, ಸೊಂಟ ಬಗ್ಗಿಸಿ ಒಬ್ಬ ಮುದುಕ ಒಳಗೆ ಬಂದ. ಬಿಳೀ ಪಂಚೆ, ಹೆಗಲ ಮೇಲೆ ಹೊಸ ಟವಲು. ಬೊಂಬೆಗಳ ಹೊಡೆದಾಟವನ್ನು ಒಂದು ಗಳಿಗೆ ಬೆರಗಿನಿಂದ ನೋಡಿ, ಇಲ್ಲಿಗೆ ಮಂಗಳವಾರ ಬರುವ ಇಂಜಿನಿಯರು ನೀವೇನಾ ಎಂದು ಕೇಳಿದ. ಹೌದೆನ್ನುವುದಕ್ಕೆ ಉಮಾಶಂಕರನಿಗೆ ನಾಚಿಕೆಯಾಯಿತು, ಆದರೂ ಹೌದೆಂದ.

ಹೆಸರು ಕುಳ್ಳಯ್ಯ, ಊರು ಮಿರ್ಲೆ, ಗಂಡಿನ ಸೋದರಮಾವ. ಗಂಡಿನ ತಾಯಿಗೆ ಗಂಡನಿಲ್ಲ, ಹಾಗಾಗಿ ಕೊನೆಯ ಮಾತು ಕುಳ್ಳಯ್ಯನದೇ. ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ನಿಧಾನವಾಗಿ, ಯಾರನ್ನೂ ದೂರದೆ ಹೇಳಿದ. ಹುಡುಗಿ ಅವನಿಗೆ ಹಿಡಿಸಿದ್ದಳು. ಊರವರ ಬಾಯಿಮಾತು ಕೇಳಿ ಒಂದು ಹೆಣ್ಣಿನ ಬಾಳು ಕೆಡಿಸುವುದಕ್ಕೆ ಮನಸ್ಸು ಒಪ್ಪದೆ, ಮೊದಲ ಬಸ್ಸಿಗೆ ಹೊರಟು ಬಂದಿದ್ದ. ಜಬ್ಬಾರನ ಅಂಗಡಿಯಲ್ಲಿ ವಿಚಾರಿಸಿದ್ದಕ್ಕೆ ಅವರು ಇಲ್ಲಿಗೆ ಕೈತೋರಿಸಿದ್ದರು. "ಬೀಗದ್ಕೈ ಕೊಟ್ಟೋರು ನೀವೇ ಅಂದ್ರು. ಕೈ ಇಡ್ಕಂಡೋರ್ಗೆ ಗೊತ್ತಿರ್ತದೆ. ನನ್ ತಂಗಿ ಮಗ ಇರಾನೆ ಒಬ್ನೇಯ. ನಿಜ ಏಳ್ಬುಡಿ ಸಾಮಿ, ಆಯಮ್ಮಂಗೆ ಮೂರ್ಛೆ ಬಂದಿದ್ದು ದಿಟವಾ?"

ಏಳು ವಾರ ಈ ಪ್ರಶ್ನೆಗೆ ಹೆದರಿ ಸತ್ತಿದ್ದ ಉಮಾಶಂಕರನಿಗೆ, ಅದು ಇಷ್ಟು ಮೆತ್ತಗೆ, ಮಣ್ಣುಗಾಲಿನ ಮುದುಕನ ಬಾಯಲ್ಲಿ ಬರುತ್ತದೆಂದು ಗೊತ್ತಿರಲಿಲ್ಲ. ಮೀನಾಳನ್ನು ಅವನು ನೋಡಿದ್ದು ಒಂದೇ ಸಲ, ತಾಯಿಗೆ ಮಧ್ಯಾಹ್ನದ ಮುದ್ದೆ ತಂದಿದ್ದಾಗ, ಡಬ್ಬಿ ಕೆಳಗಿಟ್ಟು ಅವನಿಗೂ ನಮಸ್ಕಾರ ಮಾಡಿದ್ದಳು. "ಮೂರ್ಛೆ ಅಲ್ಲ ಯಜಮಾನ್ರೇ" ಎಂದ. ತನ್ನ ದನಿ ತನಗೇ ಬೇರೆಯವನದೆನ್ನಿಸಿತು. "ಕರೆಂಟು ಹೊಡೀತು. ಈ ಪೆಟ್ಟಿಗೆಯಿಂದಲೇ." ಹೇಳಿ ಮುಗಿಸಿದ ಮೇಲೆ ಎಂಥದೋ ಸುಖವಾಯಿತು. ಇನ್ನು ಆದದ್ದಾಗಲಿ ಎಂದು ಪೆಟ್ಟಿಗೆಗೆ ಒರಗಿ ನಿಂತ.

ಕುಳ್ಳಯ್ಯ ಹಾರಿಬೀಳಲಿಲ್ಲ. "ಅಂಗಾರೆ ಕಬ್ಣ ಯಾಕ್ ಕೊಟ್ರಿ?" ಎಂದು ಕೇಳಿದ.

ಎಲ್ಲರೂ ಕೂಗಿದರು ಎಂದ ಉಮಾಶಂಕರ. ಕೂಗಿದವರು ನಮ್ಮಂಥ ತಿಳಿಯದವರು ಎಂದ ಕುಳ್ಳಯ್ಯ. ಅವನ ಊರಿನಲ್ಲಿ ಪಂಪ್‌ಸೆಟ್ಟು ಮುಟ್ಟಿ ಬಿದ್ದವರನ್ನು ಒಣಕೋಲಿನಿಂದ ದೂರ ತಳ್ಳುತ್ತಾರೆ, ಎದೆ ಉಜ್ಜುತ್ತಾರೆ. ದನ ಕಾಯುವವನಿಗೂ ಅಷ್ಟು ಗೊತ್ತು. "ಕರೆಂಟ್ ಒಡ್ದೋರ್ ಕೈಗೆ ಯಾರಾರ ಕಬ್ಣ ಕೊಟ್ಟಾರಾ? ಅದೂ ನಿಮ್ಮಂತ ಕರೆಂಟ್ ಕೆಲ್ಸ ಬಲ್ಲೋರು?" ಕೇಳಿದ ರೀತಿಯಲ್ಲಿ ಕೊಂಕಿರಲಿಲ್ಲ. ಲೆಕ್ಕ ತಾಳೆಯಾಗದೆ ಕೇಳಿದಂತಿತ್ತು, ಅಷ್ಟೇ. ಉಮಾಶಂಕರನ ಹತ್ತಿರ ಅದಕ್ಕೆ ಉತ್ತರವಿತ್ತು. ಹೆದರಿದೆ, ನನ್ನ ತಪ್ಪು ಹೊರಗೆ ಬರುತ್ತದೆಂದು ಹೆದರಿ ಕೊಟ್ಟೆ ಎಂಬ ಉತ್ತರ. ಅದನ್ನು ಹೇಳದೆ, ಆಗ ತೋಚಲಿಲ್ಲ ಎಂದಷ್ಟೇ ತೊದಲಿದ.

ಮುದುಕ ಎದ್ದ. ಪೆಟ್ಟಿಗೆ ಈಗ ಆನ್ ಆಗಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡು, ಉಮಾಶಂಕರ ತಡೆಯುವ ಮೊದಲೇ ಎರಡೂ ಅಂಗೈಗಳನ್ನು ನಾಣ್ಯದ ಬಾಗಿಲ ಮೇಲೆ, ದೇವರ ಬಾಗಿಲಿಗೆ ಇಟ್ಟಂತೆ, ಪೂರ್ತಿ ಇಟ್ಟ. ಏನೂ ಆಗಲಿಲ್ಲ. ಮೂಲೆಯ ಬಕೀಟಿನಲ್ಲಿ ಕೈ ಅದ್ದಿ ಮತ್ತೆ ಇಟ್ಟ. ಬರಿಗಾಲು, ಒದ್ದೆ ಕೈ, ಎಲ್ಲವೂ ಅವತ್ತಿನ ಹಾಗೇ. ಉಮಾಶಂಕರ ತನ್ನ ಆಯಸ್ಸಿನಲ್ಲಿ ಮೊದಲ ಸಲ, ತಾನು ಮಾಡಿದ ರಿಪೇರಿ ಕೆಟ್ಟಿರಲಿ ದೇವರೇ ಎಂದುಕೊಂಡ. ಕೆಟ್ಟಿರಲಿಲ್ಲ. "ಏನೂ ಇಲ್ವಲ್ಲಪ್ಪ" ಎಂದು ಮುದುಕ ಟವಲಿಗೆ ಕೈ ಒರೆಸಿಕೊಂಡ. ಆಮೇಲೆ ಸರಿಮಾಡಿದೆ ಎಂದ ಉಮಾಶಂಕರ. ಹಾಗಾದರೆ ಅಂಗಡಿಯವರಿಗೆ ಗೊತ್ತಿರಬೇಕಲ್ಲ? ಇಲ್ಲ, ಅವರಿಗೆ ಗೊತ್ತಿಲ್ಲ. ಆಯಮ್ಮನಿಗೆ? ಅವಳಿಗೂ ಗೊತ್ತಿಲ್ಲ. ಮತ್ತೆ ಯಾರಿಗೆ ಗೊತ್ತು? ನನಗೊಬ್ಬನಿಗೇ. ಒಂದೊಂದು ನಿಜವೂ ಬಾಯಿಂದ ಹೊರಬೀಳುತ್ತಲೇ ಆಗ ಕಟ್ಟಿದ ಕತೆಯಂತೆ ಕೇಳಿಸುತ್ತಿತ್ತು.

ಪೆಟ್ಟಿಗೆಯ ಹಿಂಬದಿ ತೆರೆದೇ ಇತ್ತು. ಎರಡು ಹೆಜ್ಜೆ. ಇಲ್ಲಿ ಬನ್ನಿ ಯಜಮಾನ್ರೇ ಎಂದು ಕರೆದು, ಟೇಪು ಬಿಚ್ಚಿ, ಸುಲಿದು ಕರಿಹಿಡಿದ ತಂತಿಯನ್ನು ಬೆರಳಿಟ್ಟು ತೋರಿಸಿದ್ದರೆ ಮುಗಿದಿತ್ತು. ಗದ್ದೆಯ ಪಂಪ್‌ಸೆಟ್ಟು ನೋಡಿದ ಮನುಷ್ಯ, ತಂತಿ ಸುಟ್ಟದ್ದು ಅವನಿಗೆ ತಿಳಿಯುತ್ತಿತ್ತು. ಉಮಾಶಂಕರ ಆ ಎರಡು ಹೆಜ್ಜೆಯನ್ನು ಕಣ್ಣಿನಲ್ಲೇ ಅಳೆದ. ತೋರಿಸಿದರೆ ಮುದುಕ ಹೊರಗೆ ಹೋಗಿ ಜಬ್ಬಾರನ ಮುಂದೆ ಹೇಳುತ್ತಾನೆ, ಜಬ್ಬಾರ್ ಮುಜಫರನಿಗೆ, ನಾಳೆ ಪಿರಿಯಾಪಟ್ಟಣ, ನಾಳಿದ್ದು ಕೆ.ಆರ್. ನಗರ. ಹೆಂಗಸನ್ನು ಕೊಲ್ಲಲು ಹೋಗಿ ರೋಗ ಎಂದು ಸಾಧಿಸಿದವನು ಎನ್ನುತ್ತಾರೆ. ಶಾಂತಲಾ ತವರಿನವರಿಗೆ ಏನು ಹೇಳಿ ಮಾತು ತಿರುಗಿಸಬೇಕು? ನಿಜವನ್ನು ಹೇಳಿಯಾಯಿತಲ್ಲ, ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದಲ್ಲವೆ ಎಂದು ಒಳಗೆ ಯಾರೋ ಜಾಣ ಹೇಳಿದ. ಕಾಲು ಕದಲಲಿಲ್ಲ. ಪರದೆಯ ಮೇಲೆ ಒಂದು ಬೊಂಬೆ ಬಿದ್ದಿತು, ಇನ್ನೊಂದು ಕೈ ಎತ್ತಿ ಕುಣಿಯಿತು.

ಕುಳ್ಳಯ್ಯ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಒದ್ದೆ ಇನ್ನೂ ಆರಿರದ ಕೈ. ಮುಖದಲ್ಲಿ ನಿಜವಾದ ಅಕ್ಕರೆಯಿತ್ತು. "ನಿಮ್ದು ಒಳ್ಳೆ ಮನ್ಸು ಕಣಪ್ಪ. ಒಂದು ಬಡವ್ರ ಎಣ್ಮಗಿಗೆ ಒಳ್ಳೇದಾಗ್ಲಿ ಅಂತ ತಪ್ಪ ನಿಮ್ ತಲೆ ಮೇಲೆ ಆಕ್ಕಂಡ್ರಿ. ನಮ್ಮ ಸ್ವಂತದೋರೂ ಇಷ್ಟು ಮಾಡಕಿಲ್ಲ." ಆಮೇಲೆ ನಿಟ್ಟುಸಿರು ಬಿಟ್ಟು, ಆದರೆ ತಂಗಿಗೆ ಇರುವವನು ಒಬ್ಬನೇ ಮಗ, ಗೊತ್ತಿದ್ದೂ ಗೊತ್ತಿದ್ದೂ ಆ ಹೆಣ್ಣನ್ನು ಹೇಗೆ ತರಲಿ, ಇವತ್ತೇ ಬೇಡವೆಂದು ಹೇಳಿಕಳಿಸಿಬಿಡುತ್ತೇನೆ ಎಂದ. ಬಾಗಿಲವರೆಗೆ ಹೋದವನು ತಿರುಗಿ, "ನೀವು ಕರೆಂಟು ಅಂದ್ರಿ ಅನ್ನೋದ್ನ ನಾನು ಯಾರ್ಗೂ ಏಳಕಿಲ್ಲ. ನಿಮ್ ಕೆಲ್ಸಕ್ಕೆ ಕುತ್ತು ಬಂದಾತು" ಎಂದು ಮಾತು ಕೊಟ್ಟ. ಬಗ್ಗಿ ಶಟರಿನಡಿ ಹೊರಗೆ ಹೋಗಿ ಮೆಟ್ಟು ಹುಡುಕಿ ಹಾಕಿಕೊಂಡ.

ಉಮಾಶಂಕರನಿಗೆ ಮೊದಲು ಆದದ್ದು ದುಃಖವಲ್ಲ. ಎದೆ ಹಗುರವಾಯಿತು. ಆ ಹಗುರ ತನಗೆ ಎಷ್ಟು ಹಿತವಾಗಿದೆಯೆಂದು ಗೊತ್ತಾದಾಗ ಮಾತ್ರ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಂದು ಕೂಗು ಹಾಕಿದ್ದರೆ ಮುದುಕ ತಿರುಗುತ್ತಿದ್ದ, ಗಲ್ಲಿಯ ತುದಿ ಮುಟ್ಟುವುದಕ್ಕೆ ಅವನಿಗೆ ಇನ್ನೂ ಇಪ್ಪತ್ತು ಹೆಜ್ಜೆಯಿತ್ತು. ಹೆಜ್ಜೆ ಸದ್ದು ಕೇಳುತ್ತಾ ಹಿಂದಿನ ಹಲಗೆಯನ್ನು ಎತ್ತಿ ಕೂರಿಸಿ ಸ್ಕ್ರೂ ಬಿಗಿಯತೊಡಗಿದ. ಮೂರನೆಯದನ್ನು ಬಿಗಿಯುವಾಗ ಸದ್ದು ನಿಂತಿತ್ತು.

ಮುಜಫರ್ ಶಟರನ್ನು ಪೂರ್ತಿ ಎತ್ತಿ ಒಳಗೆ ಬಂದ. ಬೆಳಕು ನುಗ್ಗಿ ಪರದೆಯ ಬಣ್ಣಗಳು ಮಾಸಿದವು. ಗಲ್ಲಿಯಲ್ಲಿ ಎದುರಾದ ಯಜಮಾನರು ಯಾರು, ಇಲ್ಲಿಂದ ಹೊರಟಂತಿತ್ತಲ್ಲ ಎಂದು ಕೇಳಿದ.

ಮಿರ್ಲೆಯವರಂತೆ ಎಂದ ಉಮಾಶಂಕರ. ಅವರ ಊರಿನಲ್ಲೂ ಇಂಥದೊಂದು ಪೆಟ್ಟಿಗೆ ಇಡಬೇಕಂತೆ, ಹೇಗೆ ಏನು ಎಂದು ವಿಚಾರಿಸಲು ಬಂದಿದ್ದರು. ಮಾತು ಎಲ್ಲೂ ತಡವರಿಸದೆ ಬಂತು.

ಮುಜಫರನ ಮುಖ ಅರಳಿತು. ಅಷ್ಟು ದೊಡ್ಡ ಊರು, ಒಳ್ಳೆಯ ಜಾಗ, ನೀವೇ ಹೋಗಿ ಅವರ ಮನೆ ಹುಡುಕಿ ಮಾತಾಡಿಕೊಂಡು ಬರಬಾರದೇ ಉಮಣ್ಣ ಎಂದ.

"ಆಗ್ಲಿ" ಎಂದ ಉಮಾಶಂಕರ. "ಬರೋ ವಾರ ಹೋಗ್ಬತ್ತೀನಿ."